ಮಾರುವ ಮನೆಗೆ ಸಿಂಗಾರ: ಬೇಕೇ, ಬೇಡವೇ?

ಹಳೆಯ ಮನೆ ಮಾರಲು ಹೊರಟವರು ಅದನ್ನು ಅಣಿಗೊಳಿಸಿ ತೋರಿಸಲು ದುಡ್ಡು ಕೊಟ್ಟು ವೃತ್ತಿಪರರನ್ನು ಕರೆಸಬೇಕೇ? ಮನೆ ಮಾರಿದವರೊಬ್ಬರು, ಮನೆ ನೋಡಿಕೊಡುವವರೊಬ್ಬರು ಇಲ್ಲಿ ಎದುರುಬದುರಾಗಿದ್ದಾರೆ.

ಪರ: ಬೀರು ಸರಿಸಿದ ಮೇಲೆ ಕಿಟಕಿ ಕಂಡಿತು

ಅಪ್ಪ ಹೋದ ಮೇಲೆ ಬೆಂಗಳೂರು ವಿಜಯನಗರದ ನಮ್ಮ ಫ್ಲ್ಯಾಟಿಗೆ 14 ತಿಂಗಳು ಬೀಗ ಬಿದ್ದಿತ್ತು. ಅಣ್ಣ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ನಾನು ಮೈಸೂರಿನಲ್ಲಿ, ಬೀಗದ ಕೈ ಬ್ರೋಕರ್ ಹತ್ತಿರ. ಒಂಬತ್ತು ಪಾರ್ಟಿಗಳು ಬಂದು ನೋಡಿ ಹೋದವು. ಬಾಗಿಲು ತೆಗೆದರೆ ಒಂಥರಾ ಕೆಟ್ಟ ಕಮಟು. ಬಂದವರು ಹಾಲ್‌ನಲ್ಲೇ ಒಂದು ಸುತ್ತು ಹಾಕಿ, ‘ಮನೇಲಿ ಕೇಳಿ ಹೇಳ್ತೀವಿ’ ಎಂದು ಇಳಿದುಬಿಡುತ್ತಿದ್ದರು. ಬೆಲೆ ಹೇಳಿದವರು ಇಬ್ಬರೇ. ಒಬ್ಬರು ಧೈರ್ಯ ಮಾಡಿ 76 ಲಕ್ಷ ಅಂದರು, ಇನ್ನೊಬ್ಬರು 78.

ಅಣ್ಣ ಫೋನಿನಲ್ಲಿ, ‘ಇಲ್ಲಿ ಮನೆ ಮಾರೋರು ಸ್ಟೇಜಿಂಗ್ ಮಾಡಿಸ್ತಾರೆ ಕಣೇ, ಬೆಂಗಳೂರಲ್ಲೂ ಯಾರಾದ್ರೂ ಇರ್ತಾರೆ, ವಿಚಾರಿಸು’ ಅಂದ. ನನಗೆ ನಗು ಬಂತು. ಮಾರುವ ಮನೆಯನ್ನು ಅಣಿಗೊಳಿಸಿ ತೋರಿಸುವುದಕ್ಕೆ ಸ್ಟೇಜಿಂಗ್ ಎನ್ನುವ ಆ ಮಾತು ನಾಟಕದ ಸ್ಟೇಜಿನಿಂದಲೇ ಹುಟ್ಟಿದ್ದು. ಅಮೆರಿಕದ ಸಿಯಾಟಲ್ ಸೀಮೆಯ ಬಾರ್ಬ್ ಶ್ವಾರ್ಟ್ಜ್ ಎಂಬಾಕೆ 1972ರಲ್ಲಿ ಶುರು ಮಾಡಿದ ಕಸುಬು ಅದು. ರಂಗಭೂಮಿಯ ನಂಟಿದ್ದ ಆಕೆ ರಂಗಸಜ್ಜಿಕೆಯ ಲೆಕ್ಕದಲ್ಲೇ ಮನೆಯನ್ನೂ ನೋಡಿದರು. ನಮ್ಮಪ್ಪನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ರಂಗಸಜ್ಜಿಕೆಯೇ ಎಂದುಕೊಂಡೇ ಈ ಕಸುಬಿನ ಒಬ್ಬ ಹುಡುಗಿಯನ್ನು ಕರೆಸಿದೆ.

ಸೋಫಾ, ಹೂಕುಂಡ, ಪರಿಮಳದ ಮೇಣದಬತ್ತಿ ಅಂತೆಲ್ಲ ಪಟ್ಟಿ ಕೊಡುತ್ತಾಳೆ ಅಂದುಕೊಂಡಿದ್ದೆ. ಅವಳು ಸೀದಾ ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಕೇಳಿದಳು. ನೆಲದ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಅಂತ ಇರುತ್ತದಲ್ಲ, ಅದರಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಚರಂಡಿಯ ಗಾಳಿಯನ್ನು ಮೇಲೆ ಬಿಡದೆ ತಡೆಯುವುದು ಆ ನೀರೇ. ಬೀಗ ಹಾಕಿದ ಮನೆಯಲ್ಲಿ ಅದು ಆರಿಹೋಗುತ್ತದೆ, ಮನೆಯೆಲ್ಲ ನಾತ ತುಂಬುತ್ತದೆ. ಎರಡು ಬಚ್ಚಲು, ಒಂದು ಯುಟಿಲಿಟಿ, ಮೂರು ಕಡೆ ನೀರು ಹೊಯ್ದು ಕಿಟಕಿ ತೆರೆದಿಟ್ಟಳು. ಒಂಬತ್ತು ಪಾರ್ಟಿ ಓಡಿಸಿದ ಭೂತ ಮೂರು ಚೊಂಬು ನೀರಿಗೆ ಹೋಯಿತು.

ಆಮೇಲೆ ಅವಳು ಮಾಡಿಸಿದ್ದರಲ್ಲಿ ಮುಕ್ಕಾಲು ಪಾಲು ಹೊರಗೆ ಹಾಕುವ ಕೆಲಸವೇ. ಸಜ್ಜೆಯ ಮೇಲಿನ ಹಳೆಯ ಕುಕ್ಕರ್‌ಗಳು, ಟೀವಿ ಬಂದ ಡಬ್ಬ, ಅಪ್ಪ 20 ವರ್ಷದಿಂದ ಕೂಡಿಟ್ಟ ಪಂಚಾಂಗಗಳು ಇಳಿದವು. ನಲ್ಲಿಗಳ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ ಗಟ್ಟಿ ಕೂತಿತ್ತು, ಉಜ್ಜಿಸಿದಳು. ಮನೆ ತುಂಬ ಇದ್ದ ನೀಲಿಬಿಳುಪು ಟ್ಯೂಬ್‌ಲೈಟ್ ತೆಗೆಸಿ ತುಸು ಹಳದಿ ಬೆಳಕಿನ ಬಲ್ಬ್ ಹಾಕಿಸಿದಳು. ಹರಿದ ಸೊಳ್ಳೆಪರದೆಯ ಜಾಲರಿ ಬದಲಾಯಿತು. ನಾನು ಮರೆಯದೇ ಇರುವುದು ಬೀರುವಿನ ಕಥೆ. ಎರಡನೆಯ ಬೆಡ್‌ರೂಮು ಕತ್ತಲೆ ಕೋಣೆ ಅಂತಲೇ ನಾವೆಲ್ಲ ನಂಬಿದ್ದೆವು, ಬ್ರೋಕರ್ ಕೂಡ ಹಾಗೇ ಹೇಳಿಕೊಂಡು ಬರುತ್ತಿದ್ದ. ಅವಳು ಕಬ್ಬಿಣದ ಬೀರುವನ್ನು ನಾಲ್ಕಡಿ ಆಚೆ ಸರಿಸಿದಳು. ಹಿಂದೆ ಪೂರ್ವದ ಕಿಟಕಿ! ಅದರ ಆಚೆ ಪಕ್ಕದ ಮನೆಯ ಸಂಪಿಗೆ ಮರ. ಅಮ್ಮ ಇದ್ದಾಗ ಬೀಸುಗಾಳಿ ಬರುತ್ತದೆ ಎಂದು ಮುಚ್ಚಿದ ಕಿಟಕಿ ಅದು, ಯಾರಿಗೂ ನೆನಪಿರಲಿಲ್ಲ.

ಇದರಲ್ಲಿ ಮೋಸ ಎಲ್ಲಿದೆ? ಇರುವ ಕಿಟಕಿ ಕಾಣಿಸಿದೆವು, ಅಷ್ಟೇ. ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವರು. ಹೊರಡುವ ಮುನ್ನ ಮೈ ತೊಳೆದು, ಕೊಂಬು ಹೆರೆಸಿ, ಎಣ್ಣೆ ಸವರಿ, ಹೊಸ ಹಗ್ಗ ಕಟ್ಟುತ್ತಿದ್ದರು. ಸಗಣಿ ಮೆತ್ತಿದ ಎತ್ತನ್ನು ಹಾಗೇ ನಿಲ್ಲಿಸಿದರೆ ಪ್ರಾಮಾಣಿಕತೆ ಎಂದು ಯಾರೂ ಹೊಗಳುತ್ತಿರಲಿಲ್ಲ, ಸೋಮಾರಿ ಅನ್ನುತ್ತಿದ್ದರು. ಕೊಳ್ಳುವವನು ಹೇಗೂ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ. ಈಗಿನವರು ದಿಕ್ಸೂಚಿ ಹಿಡಿದು ಬಂದು ಅಡುಗೆಮನೆ ಆಗ್ನೇಯಕ್ಕಿದೆಯಾ ಅಂತ ನೋಡುತ್ತಾರಲ್ಲ, ಹಾಗೇ.

ಕೊಳ್ಳುವವರ ಕೈಯಲ್ಲಿ ಎಷ್ಟು ದುಡ್ಡು ಉಳಿದಿರುತ್ತದೆ ಎಂದು ಸ್ವಲ್ಪ ಲೆಕ್ಕ ಹಾಕಿ. ನಮ್ಮ ಫ್ಲ್ಯಾಟ್ ಕೊನೆಗೆ ಹೋದದ್ದು 84 ಲಕ್ಷಕ್ಕೆ. 75 ಲಕ್ಷ ದಾಟಿದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆ ಬೆಲೆಯ ಶೇ. 75, ಅದಕ್ಕಿಂತ ಕೆಳಗೆ, 30 ಲಕ್ಷದ ಮೇಲಿನ ಸಾಲಕ್ಕೆ ಶೇ. 80. ಪೂರ್ತಿ ಶೇ. 80 ಸಿಕ್ಕರೂ ಸುಮಾರು 17 ಲಕ್ಷ ಕೈಯಿಂದ ಹಾಕಬೇಕು. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದರಿಂದ ಎರಡು ಪರ್ಸೆಂಟ್ ಆಗಿದೆ. ಇವೇ 6 ಲಕ್ಷದ 38 ಸಾವಿರ. ಬ್ರೋಕರ್ ಕಮಿಷನ್ ಬೇರೆ. ಇಷ್ಟೆಲ್ಲ ಕೊಟ್ಟು ಬರಿಗೈಯಾದ ಗಂಡ ಹೆಂಡಿರಿಗೆ ಬಣ್ಣ ಹೊಡೆಸಿ, ನಲ್ಲಿ ಬದಲಿಸಿ ಆಮೇಲೆ ಗೃಹಪ್ರವೇಶ ಮಾಡಿ ಅನ್ನುವುದು ಹೇಗೆ? ಹಾಲುಕ್ಕಿಸಿ ಅಂದೇ ಮಲಗಬಹುದಾದ ಮನೆಗೆ ಅವರು ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅದು ಮರುಳಾಗಿ ಕೊಟ್ಟದ್ದಲ್ಲ.

ನನಗೆ ಖರ್ಚಾದದ್ದು ಒಟ್ಟು 1 ಲಕ್ಷದ 15 ಸಾವಿರ. ಅವಳ ಫೀಸು, ಎರಡು ಕೋಣೆಯ ಬಣ್ಣ, ಒಂದು ತಿಂಗಳ ಬಾಡಿಗೆ ಮಂಚ-ಮೇಜು, ಫೋಟೋ, ಎಲ್ಲ ಸೇರಿ. ಆಷಾಢದಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ, ಆಗ ಕೆಲಸ ಮುಗಿಸಿಕೊಂಡೆವು. ಶ್ರಾವಣದ ಎರಡನೇ ವಾರ ಬಂದವರೇ ಟೋಕನ್ ಕೊಟ್ಟರು. 78 ಇದ್ದದ್ದು 84 ಆಗಿದ್ದು ಬರೀ ಸಿಂಗಾರದಿಂದ ಅಂತ ಹೇಳಲಾರೆ, ಆ ನಡುವೆ ಮಾರ್ಕೆಟ್ಟೂ ಏರಿತ್ತು. ಆದರೆ ತಿಂಗಳಿಗೆ 3,500ರಂತೆ ಖಾಲಿ ಮನೆಗೆ ಮೇಂಟೆನೆನ್ಸ್ ಕಟ್ಟುವುದು ನಿಂತಿತು. ‘ಇನ್ನೂ ಹೋಗಲಿಲ್ಲವಾ’ ಎಂದು ಕೇಳುವ ನೆಂಟರ ಬಾಯಿಯೂ ನಿಂತಿತು.

ಇದನ್ನೆಲ್ಲ ನೀವೇ ಮಾಡಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆಗುತ್ತಿರಲಿಲ್ಲ. ಅಪ್ಪನ ಕನ್ನಡಕದ ಗೂಡು ಕೈಗೆ ಸಿಕ್ಕರೆ ಅರ್ಧ ದಿನ ಕೂತಲ್ಲೇ ಕೂರುತ್ತಿದ್ದೆ. ಆ ಮನೆಯನ್ನು ಮನೆಯಾಗಿ ನೋಡಲು, ಅಲ್ಲಿ ಹುಟ್ಟಿ ಬೆಳೆಯದ ಒಂದು ಜೊತೆ ಕಣ್ಣು ಬೇಕಿತ್ತು.

ವಿರೋಧ: ಪರದೆ ಸರಿಸಿದ ಮೇಲೆ ಗೋಡೆ ಕಂಡಿತು

ಮೂರು ಚೊಂಬು ನೀರಿಗೆ ನನ್ನದೇನೂ ತಕರಾರಿಲ್ಲ. 32 ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಕಟ್ಟಡಗಳ ನಡುವೆಯೇ ಕಳೆದವನು ನಾನು, ನೆಂಟರಿಷ್ಟರು ಮನೆ ಕೊಳ್ಳುವಾಗೆಲ್ಲ ನನ್ನನ್ನು ಕರೆದೊಯ್ಯುತ್ತಾರೆ. ಜೇಬಿನಲ್ಲಿ ಒಂದು ಟಾರ್ಚ್, ಒಂದು ಗೋಲಿ, ಟೈಲ್ಸ್ ತಟ್ಟಿ ನೋಡಲು ಒಂದು ಬೀಗದ ಕೈ. ಗೋಲಿ ಬಚ್ಚಲಿನ ನೆಲದ ಇಳಿಜಾರು ಹೇಳುತ್ತದೆ. ಟೈಲ್ಸ್ ಟೊಳ್ಳು ಸದ್ದು ಮಾಡಿದರೆ ಅಡಿಯಲ್ಲಿ ಗಾರೆ ಬಿಟ್ಟಿದೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಆದರೆ ಸಿಂಗರಿಸಿದ ಮನೆಯಲ್ಲಿ ಆ ಹತ್ತು ನಿಮಿಷ ಸಿಗುವುದೇ ಕಷ್ಟ. ಜೊತೆಗೆ ಬಂದವರು ಆಗಲೇ ಆ ಮೇಜಿನಲ್ಲಿ ಕೂತು ಕಾಫಿ ಕುಡಿಯುವ ಕನಸು ಕಾಣುತ್ತಿರುತ್ತಾರೆ. ಟೈಲ್ಸ್ ತಟ್ಟುವ ಮುದುಕ ಅವರಿಗೆ ಮದುವೆ ಮನೆಯಲ್ಲಿ ಲೆಕ್ಕ ಕೇಳಿದವನಂತೆ ಕಾಣುತ್ತಾನೆ.

ನನ್ನ ಷಡ್ಡಕರು ಬನಶಂಕರಿ ಕಡೆ ಒಂದು ಫ್ಲ್ಯಾಟ್ ಕೊಂಡರು. ಆಗ ನಾನು ಊರಲ್ಲಿರಲಿಲ್ಲ. ಮಾರ್ಚ್ ತಿಂಗಳು, ಚೆಂದದ ಬಣ್ಣ, ಟೀವಿ ಗೋಡೆಗೆ ಬಿದಿರಿನ ಚಿತ್ರದ ವಾಲ್‌ಪೇಪರ್, ಎದುರಿಗೆ ಬಾಡಿಗೆ ಸೋಫಾ. ಸೆಪ್ಟೆಂಬರ್ ಮಳೆಗೆ ಬಿದಿರು ಗೋಡೆ ಬಿಟ್ಟು ಬಾಗಿತು. ಸುಲಿದು ನೋಡಿದರೆ ಒಳಗೆ ಕಪ್ಪು ಬೂಷ್ಟು, ಗಾರೆಯ ಮೇಲೆ ಉಪ್ಪು. ಮೇಲಿನ ಮನೆಯ ಬಚ್ಚಲಿನ ಸಂಕನ್ ಸ್ಲ್ಯಾಬ್, ಅಂದರೆ ಕೊಳವೆ ಹಾಯಿಸಲು ತಗ್ಗಿಸಿ ಹಾಕಿದ ನೆಲ, ಸೋರುತ್ತಿತ್ತು. ಇಂಥ ಗೋಡೆಗೆ ಪುಟ್ಟಿ ಹಚ್ಚಿ ಎಮಲ್ಷನ್ ಹೊಡೆದರೆ ಒಂದು ಬೇಸಿಗೆ ತಾಳುತ್ತದೆ, ಮಳೆ ಬಿದ್ದರೆ ಬಣ್ಣ ಹಪ್ಪಳ ಏಳುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ, ‘ನೋಡಿಯೇ ತಾನೇ ತಗೊಂಡ್ರಿ?’ ಎಂದರಂತೆ.

ಹಾಗೆ ಅನ್ನಲು ಕಾನೂನು ಪೂರ್ತಿ ಬಿಡುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವರ ಮೇಲೆ ಒಂದು ಹೊಣೆ ಹೊರಿಸಿದೆ. ತನಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಹೇಳಲೇಬೇಕು. ಆದರೆ ‘ಅವರಿಗೆ ಗೊತ್ತಿತ್ತು’ ಎಂದು ಸಾಬೀತು ಮಾಡುವವರು ಯಾರು? ಬಿಲ್ಡರ್ ಮಾದರಿ ಫ್ಲ್ಯಾಟ್ ತೋರಿಸಿ ಸುಳ್ಳು ಹೇಳಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಕಲಂ ಇದೆ, ನಷ್ಟ ತುಂಬಿಕೊಡಬೇಕು. (ಮಾದರಿ ಫ್ಲ್ಯಾಟಿನ ಮಂಚದ ಮೇಲೆ ಒಮ್ಮೆ ಉದ್ದಕ್ಕೆ ಮಲಗಿ ನೋಡಿ, ಕಾಲು ಹೊರಗೆ ಚಾಚಿದರೆ ಆಶ್ಚರ್ಯಪಡಬೇಡಿ. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನೇ ಕುಗ್ಗಿಸುವುದು ಹಳೆಯ ಉಪಾಯ.) ಕೈ ಬದಲಾಯಿಸುವ ಹಳೆಯ ಮನೆಗೆ ಆ ಕಲಂ ಇಲ್ಲ. ಷಡ್ಡಕರು ಒಂದು ವಕೀಲರ ನೋಟಿಸ್ ಕಳಿಸಿ ಸುಮ್ಮನಾದರು.

ಪರ ಬರೆದಾಕೆ ಘಾಟಿ ಜಾತ್ರೆಯನ್ನು ಎಳೆದು ತಂದಿದ್ದಾರೆ. ನಾನೂ ಆ ಜಾತ್ರೆ ನೋಡಿದವನೇ. ಅಲ್ಲಿ ಕೊಂಬಿಗೆ ಎಣ್ಣೆ ಹಚ್ಚುವುದಕ್ಕೆ ಯಾರದೂ ಅಡ್ಡಿ ಇಲ್ಲ, ಯಾಕೆಂದರೆ ಕೊಳ್ಳುವವನು ಬಾಯಿ ಬಿಡಿಸಿದರೆ ಮಾರುವವನು ತಡೆಯುವಂತಿಲ್ಲ. ಎತ್ತನ್ನು ನಡೆಸಿ ನೋಡಬಹುದು, ನೊಗಕ್ಕೆ ಹೂಡಿ ನೋಡಬಹುದು. ಆಮೇಲೆಯೇ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು. ಫ್ಲ್ಯಾಟಿನಲ್ಲಿ ಯಾವ ಮಾಲೀಕರು ವಾಲ್‌ಪೇಪರ್ ಸುಲಿದು ನೋಡಿ ಎನ್ನುತ್ತಾರೆ?

ಅವರ ಅಣ್ಣ ಇರುವ ಕ್ಯಾಲಿಫೋರ್ನಿಯಾದಲ್ಲಿ ಆ ವ್ಯವಸ್ಥೆ ಇದೆ. ನನ್ನ ಮಗಳು ಸನಿವೇಲ್‌ನಲ್ಲಿ ಮನೆ ಕೊಂಡಾಗ ಕಂಡದ್ದು. ಸೋಫಾ, ದಿಂಬು, ನಿಂಬೆಹಣ್ಣಿನ ಬುಟ್ಟಿ ಎಲ್ಲ ಇತ್ತು ನಿಜ. ಜೊತೆಗೆ ಮಾರುವವರು ಸಹಿ ಮಾಡಿಕೊಟ್ಟ ದೋಷಗಳ ಹೇಳಿಕೆಯೂ ಬಂತು. ಛಾವಣಿ ಸೋರಿದೆಯೇ, ಅನುಮತಿ ಇಲ್ಲದೆ ಏನಾದರೂ ಕಟ್ಟಿದ್ದೀರಾ ಎಂಬುದನ್ನೆಲ್ಲ ಅಲ್ಲಿ ಬರೆದುಕೊಡಬೇಕು, ಅದು ಕಾನೂನು. ಮೇಲಿಂದ ಇನ್‌ಸ್ಪೆಕ್ಟರ್ ಒಬ್ಬ ನೆಲದಡಿ ತೆವಳಿ, ಮಾಡು ಹತ್ತಿ, ಹತ್ತಾರು ಪುಟದ ವರದಿ ಕೊಟ್ಟ. 2026ರ ಜನವರಿಯಿಂದ, ಕಂಪ್ಯೂಟರಿನಲ್ಲಿ ತಿದ್ದಿದ ಫೋಟೋ ಹಾಕಿದರೆ ತಿದ್ದಿದ್ದೇವೆ ಎಂದು ಹೇಳಬೇಕೆಂಬ ನಿಯಮವೂ ಅಲ್ಲಿ ಬಂದಿದೆ. ನಾವು ಬೆಂಗಳೂರಿಗೆ ತರಿಸಿಕೊಂಡದ್ದು ನಿಂಬೆಹಣ್ಣಿನ ಬುಟ್ಟಿ ಮಾತ್ರ.

ಅದರಿಂದ ಬೆಲೆಯಾದರೂ ಏರುತ್ತದೆಯೇ? 2015ರಲ್ಲಿ ಅಮೆರಿಕದ ಲೇನ್, ಸೈಲರ್ ಮತ್ತು ಸೈಲರ್ ಎಂಬ ಸಂಶೋಧಕರು ಒಂದೇ ಮನೆಯನ್ನು ಬೇರೆ ಬೇರೆ ಬಣ್ಣ, ಬೇರೆ ಬೇರೆ ಪೀಠೋಪಕರಣಗಳಲ್ಲಿ ವಿಡಿಯೋ ಮಾಡಿ ಜನರಿಗೆ ತೋರಿಸಿದರು. ಸಿಂಗರಿಸಿದ ಮನೆಯ ಮೇಲೆ ಜನರ ಅಭಿಪ್ರಾಯ ಚೆನ್ನಾಗಿತ್ತು, ಕೊಡುತ್ತೇವೆಂದ ಬೆಲೆ ಮಾತ್ರ ಏರಲಿಲ್ಲ. 78 ಇದ್ದದ್ದು 84 ಆಗಿದ್ದು ಬರೀ ಸಿಂಗಾರದಿಂದ ಎನ್ನಲಾರೆ ಎಂದು ಆಕೆಯೇ ಒಪ್ಪಿಕೊಂಡಿದ್ದಾರೆ, ಮೆಚ್ಚಿದೆ.

ಆ ದುಡ್ಡಿಗೆ ಬೇರೆ ಕೆಲಸಗಳಿವೆ. ಬೆಂಗಳೂರಿನಲ್ಲಿ ಈಗ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಇಸಿಯಲ್ಲಿ (ಋಣಭಾರ ಪತ್ರ) ಹಳೆಯ ಸಾಲದ ನಮೂದು ಹಾಗೇ ಉಳಿದಿರುತ್ತದೆ, ಕಟ್ಟಡಕ್ಕೆ ಓಸಿ (ಸ್ವಾಧೀನಾನುಭವ ಪತ್ರ) ಇರುವುದಿಲ್ಲ, ಮದರ್ ಡೀಡ್ (ಆಸ್ತಿಯ ಮೂಲ ಪತ್ರ) ಯಾವ ಅಣ್ಣನ ಮನೆಯಲ್ಲಿದೆಯೋ ಗೊತ್ತಿರುವುದಿಲ್ಲ. ಬ್ಯಾಂಕಿನ ವ್ಯಾಲ್ಯುಯರ್ ಬಂದರೆ ಅಳತೆ, ಕಟ್ಟಡದ ವಯಸ್ಸು, ಕಾಗದ ನೋಡುತ್ತಾನೆ, ದಿಂಬಿನ ಬಣ್ಣ ಬರೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು, ಇದು ಎಂಜಿನಿಯರ್ ಮಾತಲ್ಲ. ಈ ಕಸುಬಿನವರು ಮೊದಲು ತೆಗೆಸುವುದು ಮನೆಯವರ ಫೋಟೋ, ದೇವರ ಪಟ, ಬಾಗಿಲ ಬೂದುಗುಂಬಳ. ಕೊಳ್ಳುವವರಿಗೆ ಅದು ತಮ್ಮ ಮನೆ ಅನ್ನಿಸಬೇಕಂತೆ. ನಮ್ಮ ಜನ ಮನೆ ನೋಡಲು ಬಂದಾಗ ಏನು ಕೇಳುತ್ತಾರೆ? ‘ಯಾಕೆ ಮಾರ್ತಿದ್ದೀರಿ? ಈ ಮನೆ ನಿಮಗೆ ಆಗಿಬಂತಾ?’ ಮಗಳ ಮದುವೆ ಇಲ್ಲೇ ಆಯಿತು, ಮಗ ಓದಿ ಕೆಲಸ ಹಿಡಿದ ಎಂದರೆ ಮುಖ ಅರಳುತ್ತದೆ. ಒಂದು ಮನೆಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಇಬ್ಬರು ಮಕ್ಕಳ ಎತ್ತರ ಗುರುತು ಮಾಡಿದ್ದರು, ವರ್ಷವಾರು. ನನ್ನ ಜೊತೆ ಬಂದ ದಂಪತಿ ಅದರ ಮುಂದೆಯೇ ಬಹಳ ಹೊತ್ತು ನಿಂತಿದ್ದರು. ಅದೇ ಮನೆ ಕೊಂಡರು. ವೃತ್ತಿಪರರು ಬಂದಿದ್ದರೆ ಮೊದಲ ದಿನವೇ ಅದರ ಮೇಲೆ ಬಿಳಿ ಎನಾಮಲ್ ಬಿದ್ದಿರುತ್ತಿತ್ತು.

ಈಗ ಷಡ್ಡಕರು ಆ ಬನಶಂಕರಿ ಫ್ಲ್ಯಾಟ್ ಮಾರಬೇಕೆಂದಿದ್ದಾರೆ. ಸ್ಲ್ಯಾಬ್ ರಿಪೇರಿಗೆ ಮೇಲಿನ ಮನೆಯವರು ಇನ್ನೂ ಒಪ್ಪಿಲ್ಲ. ಮೊನ್ನೆ ಫೋನ್ ಮಾಡಿ ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ, ‘ಭಾವ, ಆ ಗೋಡೆಗೆ ಸದ್ಯಕ್ಕೆ ಒಂದು ವಾಲ್‌ಪೇಪರ್ ಅಂಟಿಸಿದರೆ ಹೇಗೆ?’ ಎಂದರು. ಫೋನನ್ನು ನಾದಿನಿಯ ಕೈಗೆ ಕೊಡಿ ಎಂದೆ.