ಬ್ಲೇಡ್ ಹೊಸದು, ಪಟಿಕ ಹಳೆಯದು

ಮುಂಬೈ ಬಳಿಯ ಡೊಂಬಿವಲಿ ಪಶ್ಚಿಮದಲ್ಲಿ ನಾನು ಹದಿನೆಂಟು ವರ್ಷಗಳಿಂದ ಹೋಗುತ್ತಿರುವ ಸಲೂನಿನಲ್ಲಿ, ಕುರ್ಚಿಯಲ್ಲಿ ಕುಳಿತೊಡನೆ ಕ್ಷೌರಿಕನು ಹೊಸ ಬ್ಲೇಡಿನ ಕಾಗದವನ್ನು ಗಿರಾಕಿಯ ಕಣ್ಣೆದುರೇ ಬಿಚ್ಚಿ, ಎರಡಾಗಿ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತಾನೆ. ತೊಂಬತ್ತರ ದಶಕದ ಏಡ್ಸ್ ಭಯ ನಮಗೆಲ್ಲ ಕಲಿಸಿದ ಎಚ್ಚರವಿದು. ಆ ಎಚ್ಚರ ಬ್ಲೇಡಿಗೇ ನಿಂತುಹೋಯಿತು ಎಂಬುದು ನನ್ನ ತಕರಾರು.

ದಾಡಿ ಮುಗಿದ ಮೇಲೆ ಅದೇ ಕೈ ಕನ್ನಡಿಯ ಕೆಳಗಿನ ಬಟ್ಟಲಿನಿಂದ ಪಟಿಕದ ಹರಳನ್ನೆತ್ತಿ, ಒದ್ದೆ ಮಾಡಿ, ಕೆನ್ನೆ ಗದ್ದಗಳಿಗೆ ಉಜ್ಜುತ್ತದೆ. ಎಷ್ಟು ಮುಖಗಳನ್ನು ಸವರಿದೆಯೋ, ಅದರ ಮೂಲೆಗಳು ಸಾಬೂನಿನ ಚೂರಿನಂತೆ ಸವೆದಿವೆ. ಪಟಿಕ ರಕ್ತ ನಿಲ್ಲಿಸುತ್ತದೆ, ನಿಜ. ಆದರೆ ರಕ್ತ ಜಿನುಗುವ ಜಾಗವನ್ನೇ ಅದು ಹುಡುಕಿಕೊಂಡು ಹೋಗುತ್ತದಲ್ಲ! ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಳ್ಳಬಲ್ಲದು. ಸೋಂಕಿನ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇಕಡಾ 0.3 ಇದ್ದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇಕಡಾ 6ರಿಂದ 30. ಈಗಿನ ಮಕ್ಕಳಿಗೆ ಹುಟ್ಟಿದೊಡನೆ ಈ ಲಸಿಕೆ ಸಿಗುತ್ತದೆ. ನನ್ನ ಓರಗೆಯವರನ್ನು ಕೇಳಿದರೆ ಹಾಕಿಸಿಕೊಂಡವರು ಸಿಗುವುದೇ ಕಷ್ಟ.

ಕಳೆದ ಮಳೆಗಾಲದಲ್ಲಿ ನನ್ನ ಗದ್ದದ ಕೆಳಗೆ ಉಂಗುರದಂತೆ ಎದ್ದ ಹುಳುಕಡ್ಡಿಯನ್ನು ನೋಡಿ ಚರ್ಮವೈದ್ಯರು ಮೊದಲು ಕೇಳಿದ್ದು ಸಲೂನಿನ ಟವೆಲ್ ಬಗ್ಗೆ. ಒಂದೇ ಟವೆಲನ್ನು ಕೊಡವಿ ಮತ್ತೊಬ್ಬನ ಕೊರಳಿಗೆ ಸುತ್ತುವುದನ್ನು ನಾನು ವರ್ಷಗಟ್ಟಲೆ ನೋಡಿಯೂ ನೋಡಿರಲಿಲ್ಲ. ಇನ್ನು ಕಪ್ಪು ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ರೆಪ್ಪೆ ಬಾಯುವಷ್ಟು ಅಲರ್ಜಿ ಮಾಡುತ್ತದೆ. 48 ಗಂಟೆ ಮೊದಲು ಚರ್ಮದ ಮೇಲೆ ಹಚ್ಚಿ ನೋಡಬೇಕೆಂಬ ಸೂಚನೆ ಡಬ್ಬಿಯ ಮೇಲೇ ಇರುತ್ತದೆ, ಓದುವವರಿಲ್ಲ.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಚಂಪಿಯ, ಅಂದರೆ ತಲೆ ಮಾಲೀಶಿನ, ಕೊನೆಯಲ್ಲಿ ಕುತ್ತಿಗೆಯನ್ನು ತಿರುಚಿ ‘ಲಟಕ್’ ಎನ್ನಿಸುವ ಪದ್ಧತಿ. ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕ ಮಿದುಳಿಗೆ ಏರುವ ಎರಡು ಅಪಧಮನಿಗಳಿದ್ದು, ಥಟ್ಟನೆ ತಿರುಚಿದಾಗ ಅವುಗಳ ಒಳಪದರ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಬಡಿಯಬಹುದು. ಲಕ್ಷಣಗಳು ಕೆಲವು ದಿನ ತಡವಾಗಿಯೂ ಕಾಣಿಸಿಕೊಳ್ಳುವುದರಿಂದ ಸಲೂನಿನ ಮೇಲೆ ಯಾರಿಗೂ ಗುಮಾನಿ ಬರುವುದಿಲ್ಲ. ಶಾಂಪೂ ಬೇಸಿನ್ನಿಗೆ ಕುತ್ತಿಗೆ ಚಾಚಿ ಮಲಗಿದ ಮಹಿಳೆಯರಲ್ಲಿ ಇಂಥದೇ ಅಪಾಯವನ್ನು ಅಮೆರಿಕದ ನರರೋಗತಜ್ಞ ಮೈಕೆಲ್ ವೈನ್‌ಟ್ರಾಬ್ 1993ರಲ್ಲಿಯೇ ವಿವರಿಸಿದ್ದರು. ಅಪರೂಪದ ಅಪಾಯವೇ, ಒಪ್ಪುತ್ತೇನೆ. ಆದರೂ ಪುಕ್ಕಟೆ ಸಿಗುತ್ತದೆಂದು ಕುತ್ತಿಗೆಯೊಡ್ಡಿ ಕೂರುವವರು ನಾವೇ ತಾನೆ?

ಈಗ ನಾನು ಸಣ್ಣ ಡಬ್ಬಿಯಲ್ಲಿ ನನ್ನದೇ ಪಟಿಕ, ನನ್ನದೇ ಟವೆಲ್ ಒಯ್ಯುತ್ತೇನೆ. ಮೊದಲ ದಿನ ವಿಜಯಪುರದ ಕ್ಷೌರಿಕ ಹುಡುಗ ಆ ಹರಳನ್ನು ತಿರುಗಿಸಿ ತಿರುಗಿಸಿ ನೋಡಿದ. ಕುತ್ತಿಗೆ ಮುಟ್ಟಬೇಡ ಎಂದಾಗ ಮಾತ್ರ ಅವನ ಮುಖ ಸಪ್ಪಗಾಯಿತು. “ಹಂಗಾದ್ರೂ ರೊಕ್ಕ ಅಷ್ಟ ಆಗ್ತೈತ್ರಿ ಸಾಹೇಬ್ರ,” ಎಂದ.