ಸರ್ ಯೂಟ್ಯೂಬಿನಲ್ಲಿದ್ದಾರೆ

ಪ್ಲಸ್ ಒನ್, ಪ್ಲಸ್ ಟು (ಅಂದರೆ ಪಿಯುಸಿ) ಮಕ್ಕಳಿಗೆ ವಾಟ್ಸಾಪಿನಲ್ಲಿ ನೋಟ್ಸ್ ಕಳಿಸಬಾರದು ಎಂಬ ಕೇರಳ ಶಿಕ್ಷಣ ಇಲಾಖೆಯ ಸುತ್ತೋಲೆ ನಮ್ಮ ಕಾಸರಗೋಡಿನ ಕಡೆಯ ಟೀಚರುಗಳಿಗೆ ಸಿಕ್ಕಿದ್ದು ವಾಟ್ಸಾಪಿನಲ್ಲೇ. 2024ರ ನವೆಂಬರಿನ ಕಥೆ, ಎಲ್ಲರಿಗೂ ಗೊತ್ತು. ಮಕ್ಕಳಿಗೆ ತರಗತಿಯ ನೇರ ಅನುಭವ ತಪ್ಪಿಹೋಗುತ್ತದಂತೆ. ಇರಬಹುದು. ಕೊರೊನಾ ಕಾಲದಲ್ಲಿ, 2020ರ ಜೂನ್ 1ರಂದು, ‘ಫಸ್ಟ್ ಬೆಲ್’ ಅನ್ನುವ ಆನ್‌ಲೈನ್ ತರಗತಿಯ ಗಂಟೆ ಬಾರಿಸಿ ಟಿವಿ, ಯೂಟ್ಯೂಬುಗಳಲ್ಲಿ ಶಾಲೆ ನಡೆಸಿದಾಗ ಮಕ್ಕಳಿಗೆ ಫೋನ್ ಕೊಟ್ಟವರು ದಾನಿಗಳು. ಈಗ ಅದೇ ಫೋನ್ ಬ್ಯಾಗಿನಲ್ಲಿ ಸಿಕ್ಕಿದರೆ ಅಪ್ಪ ಅಮ್ಮ ಆಫೀಸಿನ ಎದುರು ನಿಲ್ಲಬೇಕು.

ನನ್ನ ಅಕ್ಕನ ಮಗಳು ಬಿ.ಎಡ್. ಮಾಡುತ್ತಿದ್ದಾಳೆ. ಕನ್ನಡ ಮಾಧ್ಯಮದಲ್ಲಿ ಕಲಿತವಳು, ಕಾಸರಗೋಡಿನಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿಸುವ ಆಸೆ. ಆಸೆಗೆ ತೆರಿಗೆ ಇಲ್ಲವಲ್ಲ. ತರಗತಿಯಲ್ಲಿ ಸಾಮಾಜಿಕ ಜಾಲತಾಣ ಬೇಕಾ ಬೇಡವಾ ಅಂತ ಸೆಮಿನಾರಿಗೆ ಬರೆದಿದ್ದಾಳೆ. ಬಾಯಿ ಬಿಡದ ಮಕ್ಕಳೂ ಅಲ್ಲಿ ಪ್ರಶ್ನೆ ಕೇಳುತ್ತಾರಂತೆ, ಹಾಗಾಗಿ ಬೇಕಂತೆ. ಆದರೆ ಮಕ್ಕಳ ಮುಖ ಹಾಕುವ ಮೊದಲು ಮನೆಯವರ ಒಪ್ಪಿಗೆ ಕೇಳಬೇಕಂತೆ. 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಪಾಪ, ಇನ್ನೂ ಕೆಲಸಕ್ಕೆ ಸೇರಿಲ್ಲ. ಕಾಯ್ದೆ ಓದಲು ಪುರುಸೊತ್ತು ಉಂಟು.

ಒಪ್ಪಿಗೆ ಕೇಳುತ್ತಾ ಕೂತರೆ ಪರಿಸರ ದಿನದ ವಿಡಿಯೋ ಹಾಕುವುದು ಯಾವಾಗ ಮಾರಾಯ್ರೆ? ಮೊನ್ನೆ ಒಂದು ನೋಡಿದೆ. ಜೂನ್ ತಿಂಗಳ ಜಡಿಮಳೆ. ಒಂದು ಸಸಿ, ಅದಕ್ಕೆ ಎಂಟು ಕೈ. ಪಂಚಾಯತ್ ಮೆಂಬರು, ಪಿಟಿಎ ಅಧ್ಯಕ್ಷರು, ಕ್ಲಬ್ಬಿನವರು, ಎಲ್ಲ ಕೊಡೆ ಹಿಡಿದುಕೊಂಡು ಸಸಿಗೆ ಚೆಂಬಿನಲ್ಲಿ ನೀರು ಹಾಕುತ್ತಿದ್ದಾರೆ. ಮಳೆಯ ನೀರು ಸಾಲದೇನೋ. ಸಸಿ ನೆಡಬೇಕಾದ ಹುಡುಗನದ್ದು ಬಲಗಿವಿ ಮಾತ್ರ ಕಾಣುತ್ತದೆ. ಕಿವಿಗೂ ಮನೆಯವರ ಒಪ್ಪಿಗೆ ಬೇಕಾ ಅಂತ ಇವಳನ್ನು ಕೇಳಿದೆ. “ತಮಾಷೆ ಮಾಡ್ಬೇಡಿ ಮಾವ” ಅಂದಳು. ನಾನು ಮಾಡಲಿಲ್ಲ, ಅವರೇ ಮಾಡಿ ಅಪ್‌ಲೋಡ್ ಮಾಡಿದ್ದು.

ಇರಲಿ. ತರಗತಿಗೆ ಜಾಲತಾಣ ಬರಬಹುದಾ ಅಂತ ಸೆಮಿನಾರ್ ಮಾಡುತ್ತಾರೆ. ಮಕ್ಕಳಿಗೆ ಅರ್ಥವಾಗುವ ಹಾಗೆ ಮಾತಾಡುವ ಟೀಚರ್ ಬರಬಹುದಾ ಅಂತ ಯಾರು ಮಾಡುತ್ತಾರೆ? ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ಬರುತ್ತಾರೆ. ಮಕ್ಕಳು ಕ್ಲಾಸು ಬಿಟ್ಟು ಧರಣಿ ಕೂರುತ್ತಾರೆ. ನಮ್ಮ ಜಿಲ್ಲೆಯ ಮಂಗಲ್ಪಾಡಿಯಲ್ಲಿ ಆಯಿತು, ಅಡೂರಿನಲ್ಲಿ ಆಯಿತು. ಮುಂದೆ ಯಾವ ಊರೋ. ಇಲಾಖೆ ಹೇಳಿದ ನೇರ ಅನುಭವ ಇದೇ ಇರಬೇಕು. ಬೋರ್ಡಿನ ಎದುರು ನಿಂತವರು ಏನು ಹೇಳುತ್ತಿದ್ದಾರೆ ಅಂತ ಗೊತ್ತಾಗದೆ ಪೀರಿಯಡ್ ಪೂರ್ತಿ ಕೂರುವುದು.

ಸಂಜೆ ಆ ಮಕ್ಕಳು ಫೋನ್ ಹಿಡಿದುಕೊಂಡು ಕನ್ನಡದಲ್ಲಿ ಗಣಿತ ಹುಡುಕುತ್ತಾರೆ. ಜಾಸ್ತಿ ಸಿಗುವುದು ಕರ್ನಾಟಕದ ಪಾಠ. ಇಲ್ಲಿ ಪರೀಕ್ಷೆ ಕೇರಳದ ಪುಸ್ತಕದ್ದು. “ಸಬ್‌ಸ್ಕ್ರೈಬ್ ಮಾಡಿ ಮಕ್ಕಳೇ” ಅನ್ನುವ ಆ ಸರ್‌ಗೆ ಕನ್ನಡವಾದರೂ ಬರುತ್ತದಲ್ಲ, ಅಷ್ಟೇ ಸಮಾಧಾನ.

ನಗು ಬರುವುದು ಯಾವಾಗಲೋ ನಿಂತಿದೆ. ಗಣಿತ ಕಲಿಸುವವರಿಗೆ ಮಕ್ಕಳ ಭಾಷೆ ಬರಬೇಕು ಅನ್ನುವುದನ್ನೂ ಎಂಟನೇ ಕ್ಲಾಸಿನ ಮಕ್ಕಳೇ ಬಿಸಿಲಲ್ಲಿ ಕೂತು ಹೇಳಬೇಕಾ? ನೇಮಕದ ಫೈಲಿಗೆ ಸೈನ್ ಹಾಕುವವರಿಗೆ ಇಷ್ಟೂ ಗೊತ್ತಾಗುವುದಿಲ್ವಾ?

ಅಕ್ಕನ ಮಗಳು ಸರ್ಕಾರಿ ಟೀಚರ್ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆಯುತ್ತಾಳಂತೆ. ಕೆಲಸ ಸಿಗದಿದ್ದರೆ ಕೇರಳದ ಪಾಠವನ್ನು ಕನ್ನಡದಲ್ಲಿ ಹೇಳುವ ಚಾನೆಲ್ ಮಾಡುತ್ತಾಳಂತೆ. ಹೊಸತಾಗಿ ಪೋಸ್ಟಿಂಗ್ ಆಗಿ ಬಂದ ಟೀಚರುಗಳೂ ನೋಡಬಹುದು, ಫ್ರೀ.