ಗಣಪತಿಗೆ ಬೆನ್ನು, ಚಂದ್ರನಿಗೆ ಮುಖ

ನಗಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನಂಥವರಿಗೆ ವರ್ಷದ ಹಬ್ಬಗಳಲ್ಲೆಲ್ಲ ಗಣೇಶ ಚೌತಿಯೇ ಸುಗ್ಗಿ. ಹಾಗಿದ್ದರೂ ಆ ಹಬ್ಬದ ಕಥೆ ನೆನಪಾದಾಗಲೆಲ್ಲ ನನಗೆ ಒಳಗೊಳಗೇ ಅಳುಕಾಗುತ್ತದೆ. ಹೊಟ್ಟೆ ಬಿರಿಯುವಂತೆ ಕಡುಬು ತಿಂದು ಇಲಿಯೇರಿ ಹೊರಟ ಗಣಪತಿ, ಹಾವನ್ನು ಕಂಡು ಇಲಿ ಬೆದರಿದ್ದರಿಂದ ಕೆಳಗೆ ಬಿದ್ದದ್ದು, ಒಡೆದ ಹೊಟ್ಟೆಗೆ ಆ ಹಾವನ್ನೇ ಎಳೆದು ಬಿಗಿದುಕೊಂಡದ್ದು, ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದ ಚಂದ್ರ ಕಿಸಕ್ಕನೆ ನಕ್ಕು ಶಾಪಕ್ಕೆ ಗುರಿಯಾದದ್ದು ಎಲ್ಲರಿಗೂ ಗೊತ್ತು. ಜಾರಿ ಬಿದ್ದವನನ್ನು ಕಂಡು ನಗುವುದು ನಮ್ಮ ಕಸುಬಿನ ಅತ್ಯಂತ ಹಳೆಯ ಸರಕು. ಅದಕ್ಕೆ ನಕ್ಕ ಪ್ರೇಕ್ಷಕನಿಗೇ ಶಿಕ್ಷೆಯಾದ ಪ್ರಸಂಗ ಮಾತ್ರ ಇದೊಂದೇ ಇರಬೇಕು. ಅಂಥ ದೇವರ ಸನ್ನಿಧಿಯಲ್ಲಿ ನಿಂತು ಊರವರನ್ನು ನಗಿಸಿ ಎಂದು ನನ್ನನ್ನು ಕರೆಯುತ್ತಾರೆ.

ಕಳೆದ ವರ್ಷ ಕರೆದದ್ದು ತುಮಕೂರು ಜಿಲ್ಲೆಯ ಒಂದು ಪಟ್ಟಣದ ಯುವಕ ಸಂಘದವರು. ಬೆಂಗಳೂರಿನ ಕೆಫೆಗಳಲ್ಲಿ ಟಿಕೆಟ್ ಕೊಂಡು ಬಂದ ಅರವತ್ತು ಜನರ ಮುಂದೆ ಒಂದು ಸ್ಟೂಲು, ಒಂದು ನೀರಿನ ಬಾಟಲಿ ಇಟ್ಟುಕೊಂಡು ಮಾತನಾಡುವವನು ನಾನು. ಅದನ್ನು ವಿವರಿಸಲು ಹೋದಾಗ ಫೋನಿನ ಆ ಕಡೆಯವರು, “ಅಂದ್ರೆ ಪ್ರಾಣೇಶ್ ಸರ್ ಥರಾನಾ, ಕೃಷ್ಣೇಗೌಡರ ಥರಾನಾ?” ಎಂದು ಕೇಳಿದರು. ಎರಡು ಗಂಟೆ ಜನರನ್ನು ಕುರ್ಚಿ ಬಿಟ್ಟು ಏಳದಂತೆ ಹಿಡಿದಿಡಬಲ್ಲ ಆ ಹಿರಿಯರ ಹೆಸರಿನ ಪಕ್ಕದಲ್ಲಿ ನನ್ನನ್ನು ಇಡುವುದು ನ್ಯಾಯವಲ್ಲವೆಂದು ತಡವರಿಸುತ್ತಿರುವಾಗಲೇ ಮುಂದಿನ ಪ್ರಶ್ನೆ ಬಂತು: “ಹೋಗ್ಲಿ ಬಿಡಿ ಸಾರ್, ಮಿಮಿಕ್ರಿ ಬರುತ್ತಾ?” ಬರುವುದಿಲ್ಲವೆಂದೆ. ಸ್ವಲ್ಪ ಹೊತ್ತು ಮೌನವಿದ್ದು, ಸಂಭಾವನೆಯ ಮೊತ್ತ ಅಲ್ಲೇ ಒಂದು ಮೆಟ್ಟಿಲು ಇಳಿಯಿತು.

ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಬೇಕು, ಆರ್ಕೆಸ್ಟ್ರಾದವರಿಗೆ ಒಂದೂವರೆ ಗಂಟೆ ಬೇಕು, ಸನ್ಮಾನಿತರ ಪಟ್ಟಿಯಲ್ಲಿ ಹದಿನೇಳು ಹೆಸರು. ಇವೆಲ್ಲವನ್ನೂ ಕಳೆದು ಉಳಿದದ್ದು ಹಾಸ್ಯದ ಪಾಲು. ಏಳಕ್ಕೆ ಎಂದಿದ್ದ ಕಾರ್ಯಕ್ರಮ ನನ್ನ ಕೈಗೆ ಬಂದಾಗ ಎಂಟಾಗಿ ಐದು ನಿಮಿಷ. ಎದುರಿಗೆ ನೆಲದ ಮೇಲೆ ಮಕ್ಕಳ ಸೈನ್ಯ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೆಂಗಸರು, ಇನ್ನೂ ಹಿಂದೆ ಬೈಕುಗಳ ಮೇಲೆ ಕುಳಿತ ಹುಡುಗರು. ಇವರಲ್ಲಿ ಒಬ್ಬರೂ ನನಗಾಗಿ ಬಂದವರಲ್ಲ. ದೇವರಿಗೆ ಕೈಮುಗಿಯಲು ಬಂದವರು, ಪುಳಿಯೋಗರೆಗೆ ಕಾದವರು, ಹಾಡು ಕೇಳಲು ಬೇಗ ಬಂದು ಜಾಗ ಹಿಡಿದವರು.

ಬಯಲಿನಲ್ಲಿ ನಗು ಹೇಗೆ ಸಾಗುತ್ತದೆಂಬುದು ನನಗೆ ಅರ್ಥವಾದದ್ದು ಆ ರಾತ್ರಿಯೇ. ತಗ್ಗು ಮಾಳಿಗೆಯ ಸಣ್ಣ ಕೋಣೆಯಲ್ಲಿ ಹತ್ತು ಜನ ನಕ್ಕರೆ ಆ ನಗು ಗೋಡೆಗೆ ಬಡಿದು, ಚಾವಣಿಗೆ ತಾಗಿ, ನಗದೆ ಕುಳಿತವನ ಪಕ್ಕೆಗೂ ತಿವಿದು ಅವನನ್ನೂ ನಗಿಸುತ್ತದೆ. ಮೈದಾನದಲ್ಲಿ ಅರ್ಧ ನಗು ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಉಳಿದರ್ಧವೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆಯಾದ್ದರಿಂದ, ನೂರು ಮೀಟರ್ ಆಚೆ ಬೈಕಿನ ಮೇಲಿದ್ದ ಹುಡುಗನಿಗೆ ನನ್ನ ಮಾತು ಮುಟ್ಟಿ ಅವನ ನಗು ನನಗೆ ತಲುಪುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಕಳೆದಿರುತ್ತದೆ. ಲೆಕ್ಕಕ್ಕೆ ಅದು ಏನೂ ಅಲ್ಲ. ಆದರೆ ಒಂದು ಮಾತು ಆಡಿ, ಮೌನ ಕೇಳಿ, ಬಿದ್ದುಹೋಯಿತೆಂದು ಗಾಬರಿಯಿಂದ ಮುಂದಿನ ಮಾತಿಗೆ ಬಾಯಿ ತೆರೆದವನಿಗೆ ಆ ಅರ್ಧ ಸೆಕೆಂಡು ಒಂದು ಯುಗ. ಮೊದಲ ಐದು ನಿಮಿಷ ನಾನು ನನ್ನ ನಗುವಿನ ಮೇಲೆ ನಾನೇ ಮಾತಾಡುತ್ತ ಹೋದೆ.

ಯಕ್ಷಗಾನದವರಿಗೆ ಇದು ಹೊಸದಲ್ಲವೆಂದು ಆಮೇಲೆ ಹೊಳೆಯಿತು. ಅಲ್ಲಿ ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆಯೇ ಆಟಕ್ಕೆ ಹೊರಡುವುದು. ರಂಗಕ್ಕೆ ಮೊದಲು ಬರುವುದು ಕೋಡಂಗಿ, ಅದೂ ಹೊಸದಾಗಿ ಮೇಳ ಸೇರಿದ ಹುಡುಗರು ಕಟ್ಟುವ ವೇಷ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುತ್ತಾರೆ, ಕಡಲೆ ಕೊಳ್ಳುತ್ತಿರುತ್ತಾರೆ, ಅವನು ಕುಣಿಯುತ್ತಿರುತ್ತಾನೆ. ಯಾರೂ ನೋಡದಿರುವಾಗ ಕುಣಿದು ಕಲಿತವನಿಗೆ ಮುಂದೆ ಎಂಥ ಸಭೆಯಾದರೂ ಲೆಕ್ಕವಿಲ್ಲ. ನಾನು ಕೋಡಂಗಿಯ ಹೊತ್ತಿನಲ್ಲಿ ಬಂದು ರಾಜವೇಷದ ಚಪ್ಪಾಳೆ ಬಯಸುತ್ತಿದ್ದೆ.

ಕೊನೆಗೆ ಕೈಹಿಡಿದವಳು ನನ್ನ ತಾಯಿ. ಅವಳ ಫೋನಿನ ಮಾತಿನ ಕುರಿತು ನಾನು ಮಾಡುವ ಒಂದು ಭಾಗವಿದೆ: “ಏನಿಲ್ಲ ಕಣೋ, ಸುಮ್ನೆ ಮಾಡ್ದೆ” ಎಂದು ಶುರುಮಾಡಿ, ಎದುರುಮನೆಯ ನಿಶ್ಚಿತಾರ್ಥದ ಊಟದಲ್ಲಿ ಹೋಳಿಗೆ ದಪ್ಪವಾಗಿತ್ತೆಂಬುದರಿಂದ ಹಿಡಿದು ತೆಂಗಿನಕಾಯಿಯ ಬೆಲೆಯವರೆಗೆ ಮುಕ್ಕಾಲು ಗಂಟೆ ಮಾತಾಡಿ, ಇಡುತ್ತೇನೆ ಎಂದವಳು, “ಅಂದ ಹಾಗೆ, ನಿಮ್ಮಪ್ಪ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ರು, ಆಸ್ಪತ್ರೇಲಿದೀವಿ” ಎನ್ನುತ್ತಾಳೆ. ಹೆಂಗಸರ ಸಾಲು ಮೊದಲು ನಕ್ಕಿತು, ಮಕ್ಕಳು ಅಮ್ಮಂದಿರು ನಕ್ಕರೆಂದು ನಕ್ಕರು, ಬೈಕುಗಳ ಕಡೆಯಿಂದ ನಗು ತನ್ನ ಅರ್ಧ ಸೆಕೆಂಡು ತೆಗೆದುಕೊಂಡು ಅಲೆಯಂತೆ ಬಂದು ವೇದಿಕೆಗೆ ಬಡಿಯಿತು. ನಾನು ಕಾಯುವುದನ್ನು ಕಲಿತಿದ್ದೆ. ಹಾಗೆ ಕಾಯುತ್ತ ತಲೆ ಎತ್ತಿದಾಗ, ಜನರ ತಲೆಗಳ ಆಚೆ, ತೆಂಗಿನ ಗರಿಗಳ ನಡುವೆ, ಮುಳುಗಲು ಹೊರಟ ಚೌತಿಯ ಚಂದ್ರ ಕಂಡ. ಪೆಂಡಾಲನ್ನು ರಸ್ತೆಯ ಪೂರ್ವದ ತುದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಹಾಕಿದ್ದರು. ಇಡೀ ಊರು ಚಂದ್ರನಿಗೆ ಬೆನ್ನು ಹಾಕಿ ಸುರಕ್ಷಿತವಾಗಿ ಕುಳಿತಿತ್ತು. ಅವನ ಎದುರು ಇದ್ದವರು ಗಣಪತಿ ಮತ್ತು ನಾನು, ಇಬ್ಬರೇ.

ಅಪವಾದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿಯೊಂದಿಗೆ ಕೆಳಗಿಳಿದು ಪುಳಿಯೋಗರೆಯ ದೊನ್ನೆ ಹಿಡಿದು ನಿಂತಿದ್ದಾಗ, ಸಮಿತಿಯ ಹಿರಿಯರೊಬ್ಬರು ಬಳಿಗೆ ಬಂದು ಬಹಳ ಮೆತ್ತಗೆ ಹೇಳಿದರು: “ಚೆನ್ನಾಗಿತ್ತು ಸಾರ್. ಆದ್ರೆ ಆ ಬಚ್ಚಲಮನೆದು ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮೊನ್ನೇನೇ ಬಂದಿತ್ತು. ದುಡ್ಡು ಕೊಟ್ಟು ಕರೆಸಿರ್ತೀವಿ, ಸ್ವಂತದ್ದು ಏನಾದ್ರೂ ಹೇಳಬೇಕಪ್ಪ.”

ಶ್ರೀಕೃಷ್ಣನ ಪಾಡು ನನಗೆ ಚೆನ್ನಾಗಿ ಅರ್ಥವಾಯಿತು. ಸ್ಯಮಂತಕ ಮಣಿಯನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದವನು ಪ್ರಸೇನ, ಅವನನ್ನು ಕೊಂದದ್ದು ಸಿಂಹ, ಸಿಂಹವನ್ನು ಕೊಂದದ್ದು ಜಾಂಬವಂತ, ಮಣಿ ಸಿಕ್ಕಿದ್ದು ಅವನ ಗುಹೆಯ ಮಗುವಿಗೆ, ಕಳ್ಳನೆನಿಸಿಕೊಂಡದ್ದು ಕೃಷ್ಣ. ನನ್ನ ಮಣಿಯ ದಾರಿಯೂ ಹೆಚ್ಚುಕಡಿಮೆ ಅದೇ. ಯಾವುದೋ ಕೆಫೆಯಲ್ಲಿ ಒಬ್ಬರು ಚಿತ್ರಿಸಿಕೊಂಡದ್ದು, ಇನ್ನೊಬ್ಬರು ಕತ್ತರಿಸಿದ್ದು, ಮೂರನೆಯವರು ಅಕ್ಷರಕ್ಕಿಳಿಸಿ ಕೆಳಗೆ ‘ಓದಿ ನಕ್ಕುಬಿಡಿ’ ಎಂದು ಸೇರಿಸಿದ್ದು, ಕೊನೆಗೆ ಅದು ಈ ಹಿರಿಯರ ಕೈಯ ಆಟಿಕೆಯಾದದ್ದು. ಭಾಗವತದ ಲೆಕ್ಕದಲ್ಲಿ ಕೃಷ್ಣ ಜಾಂಬವಂತನೊಂದಿಗೆ 28 ದಿನ ಹೋರಾಡಿ ಮಣಿಯನ್ನೂ ಮಾನವನ್ನೂ ಮರಳಿ ತಂದ. ನನಗೆ ಹತ್ತೂವರೆಯ ಬಸ್ಸು ಹಿಡಿಯಬೇಕಿತ್ತು. “ಇನ್ನು ಮೇಲೆ ನೋಡ್ಕೋತೀನಿ ಸಾರ್” ಎಂದು ತಪ್ಪೊಪ್ಪಿಕೊಂಡು ದೊನ್ನೆ ಖಾಲಿ ಮಾಡಿದೆ.

ಮರುದಿನ ಬೆಳಿಗ್ಗೆ ತಾಯಿಯ ಫೋನು ಬಂತು. ಏನಿಲ್ಲ, ಸುಮ್ಮನೆ ಮಾಡಿದೆ ಎಂದಳು. ಈ ಸಲದ ಕಡುಬಿನ ಹಿಟ್ಟು ಹದವಾಗಿರಲಿಲ್ಲವೆಂದಳು, ಎದುರುಮನೆಯವರು ಬಾಗಿನಕ್ಕೆ ತಂದ ಮೊರ ಹೋದ ವರ್ಷದ್ದೇ ಎಂದಳು, ಅಪ್ಪನ ಮೊಣಕಾಲಿನ ಸಮಾಚಾರ ಹೇಳಿದಳು. ನಲವತ್ತು ನಿಮಿಷವಾದ ಮೇಲೆ ಇಡುತ್ತೇನೆ ಎಂದವಳು ಇಡಲಿಲ್ಲ.

“ಅಂದ ಹಾಗೆ, ನಿನ್ನೆ ರಾತ್ರಿ ಚಂದ್ರನ್ನ ನೋಡ್ಲಿಲ್ಲ ತಾನೇ?”